ಕಂಬದ ಮಯೂರ, ಪರದೆಯ ಮಯೂರ

ನವೆಂಬರ್ 1, ಶುಕ್ರವಾರ

ರಾಜ್ಯೋತ್ಸವ ಅಂದಮೇಲೆ ಟಿ.ವಿ.ಯಲ್ಲಿ ‘ಮಯೂರ’ ಬಾರದೆ ಇದ್ದೀತೆ? 1975ರ ಚಿತ್ರ, ರಾಜ್‌ಕುಮಾರ್ ಗತ್ತು ಇವತ್ತಿಗೂ ಮಾಸಿಲ್ಲ. ಬ್ರಾಹ್ಮಣರ ಮನೆಯಲ್ಲಿ ಬೆಳೆದ ಹುಡುಗನಿಗೆ ತಾನು ಕದಂಬರ ರಾಜಕುಮಾರ ಎಂದು ತಿಳಿಯುವ ಹೊತ್ತಿಗೆ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ನನ್ನ ತಕರಾರು ಅಲ್ಲೇ. ತಾಳಗುಂದದ ಶಾಸನದ ಮಯೂರಶರ್ಮನಿಗೆ ಬೆನ್ನ ಹಿಂದೆ ಸಿಂಹಾಸನವಿಲ್ಲ. ಗುರು ವೀರಶರ್ಮನ ಜೊತೆ ಓದಲು ಕಂಚಿಯ ಘಟಿಕೆಗೆ ಹೋದವನು. ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಯಿತು, ಅವಮಾನ ನುಂಗಲಾರದೆ ದರ್ಭೆ ಹಿಡಿದ ಕೈಯಲ್ಲೇ ಕತ್ತಿ ಹಿಡಿದ. ಓದುವ ಹುಡುಗ ಸಿಟ್ಟಿಗೆದ್ದು ರಾಜ್ಯ ಕಟ್ಟಿದ! ಸಿನಿಮಾದವರಿಗೆ ಇಷ್ಟು ಸಾಲಲಿಲ್ಲ. ರಾಜನಾಗುವವನು ರಾಜನಿಗೇ ಹುಟ್ಟಿರಬೇಕು. ಜನರ ತಲೆಯಲ್ಲಿ ಉಳಿದದ್ದೂ ಅದೇ.

ನವೆಂಬರ್ 3, ಭಾನುವಾರ

‘ಇಮ್ಮಡಿ ಪುಲಿಕೇಶಿ’ (1967), ‘ಶ್ರೀಕೃಷ್ಣದೇವರಾಯ’ (1970), ‘ಮಯೂರ’: ನಡುವೆ ಸಾವಿರ ವರ್ಷಕ್ಕೂ ಹೆಚ್ಚಿನ ಅಂತರ, ಮುಖ ಮಾತ್ರ ಒಂದೇ, ರಾಜ್‌ಕುಮಾರ್ ಅವರದು. ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಪಾಯಸ್ ಪ್ರಕಾರ ಕೃಷ್ಣದೇವರಾಯನದು ಸಾಧಾರಣ ಎತ್ತರ, ಮುಖದಲ್ಲಿ ಸಿಡುಬಿನ ಕಲೆ. ತಿರುಮಲೆಯಲ್ಲಿ ಇಬ್ಬರು ರಾಣಿಯರ ಜೊತೆ ಕೈಮುಗಿದು ನಿಂತ ಅವನ ಲೋಹದ ವಿಗ್ರಹವೂ ಇದೆ. ಕಣ್ಣು ಮುಚ್ಚಿದರೆ ನನಗೂ ಕಾಣುವುದು ಅಣ್ಣಾವ್ರೇ, ಏನು ಮಾಡಲಿ.

ನವೆಂಬರ್ 10, ಭಾನುವಾರ

ಭಾವನ ಕಾರಿನಲ್ಲಿ ತಾಳಗುಂದಕ್ಕೆ ಹೋಗಿದ್ದೆವು. ಪ್ರಣವೇಶ್ವರ ದೇವಸ್ಥಾನದ ಎದುರು ಆ ಶಾಸನದ ಕಲ್ಲುಕಂಬ. ಸಾಲುಗಳು ಕಂಬದುದ್ದಕ್ಕೂ ನೆಟ್ಟಗೆ ಸಾಗುತ್ತವೆ. ಅಕ್ಷರ ಹಿಡಿಯಬೇಕಾದರೆ ಕತ್ತು ವಾಲಿಸಬೇಕು. ಬರೆದವನು ಕವಿ ಕುಬ್ಜ, ಶಾಂತಿವರ್ಮನ ಕಾಲದಲ್ಲಿ. ಅಂದರೆ ಮಯೂರಶರ್ಮ ಹೋಗಿ ಎಷ್ಟೋ ತಲೆಮಾರಿನ ಮೇಲೆ, ಅವನ ವಂಶದವರಿಗಾಗಿಯೇ.

“ಹಾಗಾದ್ರೆ ಇವನೂ ಚಿತ್ರಕಥೆ ಬರೆದವನೇ ಅಲ್ವಾ?” ಎಂದರು ಭಾವ. ಮಾತು ಸುಳ್ಳಲ್ಲ. ಮಯೂರಶರ್ಮನಿಗೆ ಷಣ್ಮುಖನೇ ಅಭಿಷೇಕ ಮಾಡಿದ ಎಂದು ಕುಬ್ಜನೂ ಒಗ್ಗರಣೆ ಹಾಕಿದ್ದಾನೆ. ಆದರೆ ಒಂದು ಸಂಗತಿಯನ್ನು ಅವನು ಮುಚ್ಚಿಡಲಿಲ್ಲ: ಕಾಡಿನಲ್ಲಿ ಕಾಡಿದವನನ್ನು ಮಣಿಸಲಾಗದೆ ಪಲ್ಲವರು ರಾಜಿಗೆ ಬಂದರು, ಮಯೂರಶರ್ಮ ಅವರ ಸೇವೆಗೆ ಸೇರಿ ಅವರಿಂದಲೇ ರಾಜ್ಯ ಪಡೆದ. ನೆಲಕ್ಕೆ ಕಾಲೂರಿದ ಜಾಣತನ ಇದು, ನನಗೆ ಬಲು ಇಷ್ಟ.

ಭಾವನಿಗೆ ಹಿಡಿಸಲಿಲ್ಲ. “ಆ ಸೀನ್ ಇಟ್ಟಿದ್ದಿದ್ರೆ ನಾನು ಇಂಟರ್ವಲ್‌ಗೇ ಎದ್ದು ಬರ್ತಿದ್ದೆ” ಎಂದು ಕಾರಿನತ್ತ ನಡೆದರು.