ಲಾರಿಯ ಹೊಣೆ

ನಮ್ಮಂಥ ನಗರವಾಸಿಗಳಿಗೆ ಲಾರಿಯ ಪರಿಚಯವೆಲ್ಲ ಅದರ ಬೆನ್ನಿನ ಕಡೆಯಿಂದ ಆದದ್ದು. ಹೆದ್ದಾರಿಯಲ್ಲಿ ಅದರ ಹಿಂದೆ ಸಿಕ್ಕಿಕೊಂಡಾಗ, ತಂದೆತಾಯಿಯರ ಆಶೀರ್ವಾದವನ್ನೂ ಹಾರ್ನ್ ಮಾಡಿರೆಂಬ ಅಪ್ಪಣೆಯನ್ನೂ ಓದಿಕೊಳ್ಳುತ್ತ, ಅದು ಕಾರುವ ಕರಿಹೊಗೆಗೆ ಮೂಗು ಮುಚ್ಚಿಕೊಂಡು ಶಪಿಸುತ್ತೇವೆ. ಮನೆಯ ಅಕ್ಕಿ, ಬೇಳೆ, ಸಕ್ಕರೆಗಳೆಲ್ಲ ಅಂಥದೇ ಒಂದು ಲಾರಿಯಲ್ಲಿ ಬಂದವೆಂಬುದಾಗಲಿ, ಆ ಲಾರಿಗೂ ಒಬ್ಬ ಯಜಮಾನನಿದ್ದು ಅವನಿಗೂ ಸಾಲದ ಕಂತು, ಮಕ್ಕಳ ಫೀಜು, ಮಗಳ ಮದುವೆಯ ಚಿಂತೆಗಳು ಇವೆಯೆಂಬುದಾಗಲಿ ಆ ಹೊತ್ತಿನಲ್ಲಿ ಯಾರ ಮನಸ್ಸಿಗೂ ಹೊಳೆಯುವುದಿಲ್ಲ.

ನನಗೆ ಮಾತ್ರ ಇದನ್ನು ಮರೆಯಲು ಅವಕಾಶವಿಲ್ಲ. ನನ್ನ ಶ್ರೀಮತಿಯ ಅಣ್ಣನವರು ತುಮಕೂರಿನಲ್ಲಿ ನಾಲ್ಕು ಲಾರಿಗಳ ಒಡೆಯರು. ಒಡೆಯರೆಂದರೆ ಸಾಹುಕಾರರೆಂದು ವಾಚಕರು ಭಾವಿಸಬಾರದು. ನಾಲ್ಕರಲ್ಲಿ ಒಂದಕ್ಕೆ ಸಾಲ ತೀರಿಲ್ಲ. ಒಂದು ಸದಾ ಗ್ಯಾರೇಜಿನಲ್ಲಿರುತ್ತದೆ. ಉಳಿದೆರಡು ವಸಂತನರಸಾಪುರದ ಕೈಗಾರಿಕಾ ಪ್ರದೇಶದಿಂದ ಬೆಂಗಳೂರಿಗೆ ಸರಕು ಹೊತ್ತು ಸಂಸಾರವನ್ನು ನಡೆಸುತ್ತವೆ. ನಮ್ಮ ದೇಶದ ಲಾರಿ ಮಾಲೀಕರಲ್ಲಿ ಹೆಚ್ಚಿನವರು ಹೀಗೆಯೇ, ಐದಕ್ಕಿಂತ ಕಡಿಮೆ ಲಾರಿಗಳನ್ನು ಇಟ್ಟುಕೊಂಡವರು.

ಭಾವನವರು ಒಂದು ಭಾನುವಾರ ನಮ್ಮ ಮನೆಗೆ ಬಂದು, ಕಾಫಿ ಕುಡಿದು, ಲೋಟವನ್ನು ಕೆಳಗಿಟ್ಟು ಹೇಳಿದರು: “ಮೇಷ್ಟ್ರೇ, ಒಂದು ಕರೆಂಟು ಲಾರಿ ತೊಗೊಳ್ಳೋಣ ಅಂತಿದೀನಿ. ಬ್ಯಾಂಕಿನವರು ಜಾಮೀನು ಕೇಳ್ತಾರೆ. ತಿಂಗಳಾದರೆ ತಪ್ಪದೆ ಸಂಬಳ ಬರೋರು ನಮ್ಮ ಪೈಕಿ ನೀವೊಬ್ಬರೇ.”

ಅಡಿಗೆಮನೆಯಲ್ಲಿ ಪಾತ್ರೆಗಳ ಸದ್ದು ತಟ್ಟನೆ ನಿಂತುಹೋಯಿತು. ಒಂದು ಕಡೆ ಒಡಹುಟ್ಟಿದ ಅಣ್ಣ, ಇನ್ನೊಂದು ಕಡೆ ಕೈಹಿಡಿದವನ ಸಂಬಳ. ಆ ಸಾಧ್ವಿ ಯಾವ ಪಕ್ಷವನ್ನು ವಹಿಸಬೇಕು? ನಾನು ಹದಿನೈದು ದಿನಗಳ ವಾಯಿದೆ ಕೇಳಿದೆ.

ಕನ್ನಡದ ಉಪಾಧ್ಯಾಯನಾದ ನನಗೆ ಮೊದಲು ತೋಚಿದ್ದು ಶಬ್ದದ ವಿಚಾರ. ‘ಜಾಮೀನು’ ನಮಗೆ ಹೊರಗಿನಿಂದ ಬಂದದ್ದು. ನಮ್ಮದೇ ಆದ ಮಾತು ‘ಹೊಣೆ’, ಹಳಗನ್ನಡದಲ್ಲಿ ‘ಪೊಣೆ’. ಒಬ್ಬನ ಸಾಲಕ್ಕೆ ಇನ್ನೊಬ್ಬನು ನಿಲ್ಲುವುದೇ ಅದರ ಹಳೆಯ ಅರ್ಥ. ಕರ್ತವ್ಯದ ಭಾರ ಎಂಬ ಈಗಿನ ಅರ್ಥವೂ ಅದಕ್ಕೆ ದೂರವಾದುದಲ್ಲ. ವಿದ್ಯುತ್ ಲಾರಿಯ ವಿಚಾರವನ್ನು ಓದುತ್ತ ಹೋದಂತೆ, ಇಡೀ ಪ್ರಶ್ನೆಯೇ ಈ ಒಂದು ಮಾತಿನಲ್ಲಿ ಅಡಗಿದೆ ಎನಿಸಿತು.

ಡೀಸೆಲ್ ಲಾರಿಗಳು ನಮ್ಮ ದೇಶದ ವಾಹನಗಳಲ್ಲಿ ನೂರಕ್ಕೆ ಕೇವಲ 3. ಆದರೆ ಸಾರಿಗೆಯಿಂದ ಹೊರಡುವ ಹಸಿರುಮನೆ ಅನಿಲಗಳಲ್ಲಿ ಅವುಗಳ ಪಾಲು ನೂರಕ್ಕೆ 42 ಎಂದು ಕೇಂದ್ರ ಸರ್ಕಾರವೇ ಹೇಳಿದೆ. ಆದುದರಿಂದಲೇ 2024ರಲ್ಲಿ ಆರಂಭವಾದ ‘ಪಿಎಂ ಇ-ಡ್ರೈವ್’ ಯೋಜನೆಯಲ್ಲಿ ವಿದ್ಯುತ್ ಲಾರಿಗಳಿಗೆಂದು 500 ಕೋಟಿ ರೂಪಾಯಿಗಳನ್ನು ಬೇರೆಯಾಗಿ ಇರಿಸಿದರು. 2025ರ ಜುಲೈಯಲ್ಲಿ ನಿಯಮಗಳು ಹೊರಟವು. ಸುಮಾರು 5,600 ಲಾರಿಗಳಿಗೆ ಸಹಾಯಧನ; ಅತಿ ದೊಡ್ಡ ಲಾರಿಗೆ ಹೆಚ್ಚೆಂದರೆ 9.6 ಲಕ್ಷ ರೂಪಾಯಿ, ಭಾವನವರದರಂಥ ಮಧ್ಯಮ ಗಾತ್ರದ್ದಕ್ಕೆ ಅದಕ್ಕಿಂತ ಕಡಿಮೆ. ಹಳೆಯ ಲಾರಿಯೊಂದನ್ನು ಗುಜರಿಗೆ ಹಾಕಿದ ಪ್ರಮಾಣಪತ್ರವನ್ನು ತೋರಿಸಿದವರಿಗೆ ಮಾತ್ರ ಈ ಹಣ.

ವಿದ್ಯುತ್ತಿನಿಂದ ಸರಕು ಸಾಗಿಸುವುದು ಹೊಸ ಹುಚ್ಚೇನೂ ಅಲ್ಲ. ಇಂಗ್ಲೆಂಡಿನಲ್ಲಿ ಮನೆಮನೆಗೆ ಹಾಲಿನ ಸೀಸೆಗಳನ್ನು ತಲುಪಿಸುತ್ತಿದ್ದದ್ದು ಬ್ಯಾಟರಿಯ ಬಂಡಿಗಳೇ. 1967ರಲ್ಲಿ ಆ ಒಂದು ದೇಶದ ರಸ್ತೆಗಳಲ್ಲಿದ್ದಷ್ಟು ವಿದ್ಯುತ್ ವಾಹನಗಳು ಮಿಕ್ಕ ಪ್ರಪಂಚವನ್ನೆಲ್ಲ ಕೂಡಿಸಿದರೂ ಇರಲಿಲ್ಲವಂತೆ. ಕಾರಣ ಸರಳವಾದುದು: ದಿನವೂ ಅದೇ ಬೀದಿ, ಅದೇ ದೂರ, ಕೆಲಸ ಮುಗಿದೊಡನೆ ಅದೇ ಕೊಟ್ಟಿಗೆಗೆ ಬಂದು ಕಟ್ಟಿಸಿಕೊಂಡು ವಿದ್ಯುತ್ತನ್ನು ಮೇಯುವುದು. ಭಾವನವರ ಲಾರಿಯ ಜಾತಕವೂ ಇಂಥದೇ. ಹೋಗಿಬರುವುದು ಸುಮಾರು 150 ಕಿಲೋಮೀಟರು. ಬೆಂಗಳೂರಿನಲ್ಲಿ ಸರಕು ಇಳಿಸುವ ಹೊತ್ತಿನಲ್ಲಿ ಒಂದಿಷ್ಟು ಚಾರ್ಜ್ ತುಂಬಿಸಿಕೊಂಡರೆ ಸಂಜೆಗೆ ನಿಶ್ಚಿಂತೆಯಾಗಿ ಊರು ಸೇರಬಹುದು. ಇಂದು ಇಲ್ಲಿ, ನಾಳೆ ನಾಗಪುರದಲ್ಲಿ ಎಂದು ತಿರುಗುವ ಲಾರಿಗಳಿಗೆ ಈ ಮಾತು ಅನ್ವಯಿಸದು.

ಮುಂದಿನದು ಲೆಕ್ಕ. ಭಾವನವರೂ ನಾನೂ ಕಾಗದ ಪೆನ್ಸಿಲು ಹಿಡಿದು ಕುಳಿತೆವು. ಅವರ ಲಾರಿ ಒಂದು ಲೀಟರಿಗೆ 8 ಕಿಲೋಮೀಟರು ಓಡುತ್ತದೆ. ಡೀಸೆಲಿಗೆ ಲೀಟರಿಗೆ 90 ರೂಪಾಯಿ ಹಿಡಿದರೆ ದಿನಕ್ಕೆ ಸುಮಾರು 1,700 ರೂಪಾಯಿ. ಅದೇ ಗಾತ್ರದ ವಿದ್ಯುತ್ ಲಾರಿಗೆ ಕಿಲೋಮೀಟರಿಗೆ ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು, ಆರು ಹತ್ತಾಂಶವೆನ್ನಿ, ಬೇಕು. ಯೂನಿಟ್ಟಿಗೆ 10 ರೂಪಾಯಿಯಂತೆ ದಿನಕ್ಕೆ 900. ಉಳಿತಾಯ 800, ತಿಂಗಳಿಗೆ 25 ದಿನ ಓಡಿದರೆ 20,000 ರೂಪಾಯಿ! ಭಾವನವರ ಮುಖವರಳಿತು.

ಆದರೆ ಹಾಳೆಯ ಮತ್ತೊಂದು ಬದಿಯೂ ಇತ್ತು. ವಿದ್ಯುತ್ ಲಾರಿಯ ಬೆಲೆ ಹೆಚ್ಚುಕಡಿಮೆ ಎರಡರಷ್ಟು. ಸಹಾಯಧನವನ್ನು ಕಳೆದ ಮೇಲೂ 10 ಲಕ್ಷದ ಹೆಚ್ಚಿನ ಸಾಲ ಮಾಡಬೇಕೆಂದುಕೊಳ್ಳೋಣ. ನೂರಕ್ಕೆ 11ರ ಬಡ್ಡಿಯಲ್ಲಿ ಐದು ವರ್ಷಗಳಿಗೆ ತೀರಿಸುವುದಾದರೆ ಆ ಹೆಚ್ಚಿನ ಸಾಲದ ಕಂತೇ ತಿಂಗಳಿಗೆ 21,000 ದಾಟುತ್ತದೆ. ಐದು ವರ್ಷಗಳ ಉಳಿತಾಯವೆಲ್ಲ ಕಂತಿಗೇ ನೈವೇದ್ಯ; ಲಾಭವೇನಿದ್ದರೂ ಆರನೆಯ ವರ್ಷದಿಂದ.

ಡೀಸೆಲ್ ಲಾರಿಯ ಖರ್ಚು ದಿನಗೂಲಿಯಂತೆ: ಓಡಿದ ದಿನ ಉಣ್ಣುತ್ತದೆ, ಬಾಡಿಗೆ ಸಿಗದೆ ನಿಂತ ದಿನ ಉಪವಾಸವಿರುತ್ತದೆ. ವಿದ್ಯುತ್ ಲಾರಿಯಾದರೋ ಮುಂದೆ ಸುಡಬೇಕಾದ ಡೀಸೆಲಿನ ದುಡ್ಡನ್ನು ಬಹುಪಾಲು ಮೊದಲ ದಿನವೇ ಎಣಿಸಿಕೊಂಡು ಬರುತ್ತದೆ. ಅದು ನಿಂತರೆ ಉಳಿತಾಯ ನಿಲ್ಲುತ್ತದೆ, ಕಂತು ನಿಲ್ಲುವುದಿಲ್ಲ. ನೂರಾರು ಲಾರಿಗಳ ಕಂಪನಿಗೆ ಒಂದು ಲಾರಿ ನಿಂತರೆ ಲೆಕ್ಕಕ್ಕಿಲ್ಲ. ನಾಲ್ಕರ ಮಾಲೀಕನಿಗೆ ಒಂದು ನಿಂತರೆ ಕಾಲು ಸಂಸಾರವೇ ನಿಂತಂತೆ.

ಇದಕ್ಕಿಂತಲೂ ಸೂಕ್ಷ್ಮವಾದ ಮಾತೊಂದನ್ನು ಭಾವನವರೇ ಹೇಳಿದರು: “ನಿಮಗೆ ಪ್ರಾವಿಡೆಂಟ್ ಫಂಡು ಇದೆ. ನನಗೆ ಹಳೇ ಲಾರಿಯೇ ಫಂಡು. ನಾಳೆ ಮಗಳ ಮದುವೆ ಅಂದರೆ ಒಂದನ್ನ ಮಾರಿ ನಾಲ್ಕು ಕಾಸು ಎತ್ತಬಹುದು. ಈ ಬ್ಯಾಟರಿ ಲಾರೀನ ಏಳು ವರ್ಷ ಬಿಟ್ಟು ಕೊಳ್ಳೋರು ಯಾರು?” ಸಹಾಯಧನ ಪಡೆಯುವ ಲಾರಿಯ ಬ್ಯಾಟರಿಗೆ ತಯಾರಕರು ಐದು ವರ್ಷ ಅಥವಾ ಐದು ಲಕ್ಷ ಕಿಲೋಮೀಟರುಗಳ ಖಾತರಿಯನ್ನು ಕೊಡಬೇಕೆಂಬ ನಿಯಮವಿದೆ. ಆದರೆ ಖಾತರಿ ಮುಗಿದ ಲಾರಿಗೆ ಬೆಲೆ ಕಟ್ಟುವ ದಲ್ಲಾಳಿ ಇನ್ನೂ ಹುಟ್ಟಬೇಕಷ್ಟೆ. ಬ್ಯಾಂಕಿನವರು ಜಾಮೀನನ್ನು ಒತ್ತಿ ಕೇಳುವುದೂ ಇದೇ ಅನುಮಾನದಿಂದ.

ಗುಜರಿಗೆ ಹೋಗಬೇಕಾದ ಲಾರಿ ಯಾವುದೆಂಬುದರಲ್ಲಿ ಸಂಶಯವಿರಲಿಲ್ಲ. ಅವರು ಮೊದಲು ಕೊಂಡದ್ದು. ಹಣೆಯ ಮೇಲೆ ‘ಶ್ರೀ ಸಿದ್ಧಲಿಂಗೇಶ್ವರ ಪ್ರಸನ್ನ’ ಎಂದು ಬರೆಯಿಸಿಕೊಂಡದ್ದು. ಅತ್ತಿಗೆಯವರನ್ನು ಹೆರಿಗೆಗೆ ಆಸ್ಪತ್ರೆಗೆ ಕರೆದೊಯ್ದದ್ದು. ಅದರ ವಿಚಾರ ಬಂದಾಗ ಭಾವನವರು ಕಿಟಕಿಯ ಹೊರಗೆ ನೋಡತೊಡಗಿದರು.

ವಿದ್ಯುತ್ತಾದರೂ ಎಲ್ಲಿಂದ ಬರುತ್ತದೆ ಎಂದು ಕೇಳುವವರಿದ್ದಾರೆ. ಅದು ನ್ಯಾಯವಾದ ಪ್ರಶ್ನೆ. ದೇಶದ ವಿದ್ಯುತ್ತಿನಲ್ಲಿ ಇಂದಿಗೂ ಹೆಚ್ಚಿನ ಭಾಗ ಕಲ್ಲಿದ್ದಲಿನದು. ತುಮಕೂರು ಜಿಲ್ಲೆಯದೇ ಆದ ಪಾವಗಡದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಕ್ಷೇತ್ರವಿದ್ದರೂ, ಲಾರಿ ಮನೆಗೆ ಬರುವುದು ಸೂರ್ಯ ಮುಳುಗಿದ ಮೇಲೆ! ಆದರೂ ಡೀಸೆಲ್ ಎಂಜಿನ್ನು ತಾನುಂಡ ಎಣ್ಣೆಯ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬಿಸಿಯಾಗಿ ಚೆಲ್ಲುತ್ತದೆ. ವಿದ್ಯುತ್ ಮೋಟಾರು ಚೆಲ್ಲುವುದು ಬಹಳ ಕಡಿಮೆ. ಇಳಿಜಾರಿನಲ್ಲಿ ಬ್ರೇಕು ಹಿಡಿದಾಗ ಅದು ಒಂದಿಷ್ಟು ಶಕ್ತಿಯನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ ಕೂಡ. ಬೀದಿಬದಿಯ ಮಗುವಿನ ಮೂಗಿಗೆ ಹೊಗೆ ಹೋಗುವುದಿಲ್ಲ ಎಂಬುದಂತೂ ಇಂದೇ ಕೈಗೆ ಸಿಗುವ ಫಲ.

ಆ ಫಲ ಎಲ್ಲರದು. ಹಾಗಿದ್ದಮೇಲೆ ಹೊಣೆ ಮಾತ್ರ ಒಬ್ಬ ಭಾವನದು, ಒಬ್ಬ ಮೇಷ್ಟರದು ಏಕಾಗಬೇಕು? ಮುಂಬಯಿಯ ಬಳಿಯ ಜವಾಹರಲಾಲ್ ನೆಹರೂ ಬಂದರಿನಲ್ಲಿ 2025ರ ಸೆಪ್ಟೆಂಬರಿನಲ್ಲಿ ಐವತ್ತು ಭಾರಿ ವಿದ್ಯುತ್ ಲಾರಿಗಳನ್ನು ಒಟ್ಟಿಗೆ ಇಳಿಸಿ, ಬರಿದಾದ ಬ್ಯಾಟರಿಯನ್ನು ಕೊಟ್ಟು ತುಂಬಿದ್ದನ್ನು ಪಡೆಯುವ ಕೇಂದ್ರವನ್ನೂ ತೆರೆದರು. ಅಲ್ಲಿ ಬಂದರೇ ಮುಂದಾಳಾಗಿ ನಿಂತಿತು. ಆದರೆ ಭಾವನವರಿಗೆ ಬಾಡಿಗೆ ಕೊಡುವ ಕಾರ್ಖಾನೆಯವರು ಪರಿಸರದ ವಿಚಾರವಾಗಿ ಗೋಡೆಗಳ ಮೇಲೆ ಚೆಂದದ ಫಲಕಗಳನ್ನು ಹಾಕಿಕೊಂಡಿದ್ದಾರೆಯೇ ಹೊರತು, ಬಾಡಿಗೆಯ ಕರಾರು ಬಾಯಿಮಾತಿನದು, ತಿಂಗಳಿಂದ ತಿಂಗಳಿಗೆ.

ನನ್ನ ಉತ್ತರ ಅಲ್ಲಿಂದ ಹೊರಟಿತು. “ಭಾವ, ನಾನು ರುಜು ಹಾಕುತ್ತೇನೆ. ಆದರೆ ನಿಮ್ಮ ಕಾರ್ಖಾನೆಯವರೂ ಒಂದು ರುಜು ಹಾಕಲಿ. ಐದು ವರ್ಷದ ಬಾಡಿಗೆಯನ್ನು ಕಾಗದದ ಮೇಲೆ ಕೇಳಿ” ಎಂದೆ. ಅವರು ಮೂರು ಸಲ ಹೋಗಿ ಬಂದರು. ಐದಕ್ಕೆ ನಕ್ಕರಂತೆ, ಒಂದು ಎಂದರಂತೆ. ಕೊನೆಗೆ ತಿಂಗಳಿಗೆ ಇಷ್ಟು ಟ್ರಿಪ್ಪು ಖಂಡಿತ ಎಂಬ ಷರತ್ತಿನೊಡನೆ ಮೂರು ವರ್ಷಕ್ಕೆ ಒಪ್ಪಿದರು.

ಉಳಿದ ಎರಡು ವರ್ಷಗಳಿಗೆ ನಾನು ಹೊಣೆ. ಕಳೆದ ವಾರ ಬ್ಯಾಂಕಿನಲ್ಲಿ ಏಳು ಕಡೆ ರುಜು ಹಾಕಿ ಬಂದಿದ್ದೇನೆ. ಭಾವನವರ ಹಳೆಯ ಡ್ರೈವರು ಮಾತ್ರ ಇನ್ನೂ ಅಸಮಾಧಾನದಲ್ಲಿದ್ದಾನೆ: ಗೇರಿಲ್ಲ, ಸದ್ದಿಲ್ಲ, ಅದನ್ನು ಲಾರಿ ಎನ್ನುವುದು ಹೇಗೆಂದು ಅವನ ಪ್ರಶ್ನೆ. ನನ್ನ ಶ್ರೀಮತಿ ಮೊದಲೆಲ್ಲ ಕರೆಂಟು ಹೋದರೆ ಮಿಕ್ಸಿಯ ಚಟ್ನಿಗಾಗಿ ಪೇಚಾಡುತ್ತಿದ್ದವಳು, ಈಗ “ತುಮಕೂರಲ್ಲೂ ಹೋಗಿದೆಯೇನೋ, ಅಣ್ಣನಿಗೆ ಫೋನು ಮಾಡಿ ಕೇಳ್ರೀ” ಎನ್ನುತ್ತಾಳೆ. ಲಾರಿ ಇನ್ನೂ ಬಂದಿಲ್ಲ.