ದುಡ್ಡು ಕೊಡುವೆನೆಂದ ಅತಿಥಿ

ಡೆನ್ವರ್ ನಗರದಿಂದ ಉತ್ತರಕ್ಕೆ ಸುಮಾರು 700 ಕಿಲೋಮೀಟರ್ ಸಾಗಿದರೆ ವಯೋಮಿಂಗ್ ರಾಜ್ಯದ ಶೆರಿಡನ್ ಪಟ್ಟಣ ಸಿಗುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ಹೊರಳಿದ ದಾರಿ ಹುಲ್ಲುಬಯಲನ್ನು ದಾಟಿ, ಬಿಗ್‌ಹಾರ್ನ್ ಪರ್ವತಗಳ ಬುಡದಲ್ಲಿ, ವುಲ್ಫ್ ಎಂಬ ತೊರೆಯ ಬಳಿಗೆ ತಲುಪುತ್ತದೆ. ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದ ನಾನು ಅಷ್ಟು ದೂರ ಪಯಣಿಸಿದ್ದಕ್ಕೆ ಕಾರಣವಿತ್ತು. ಬೆಂಗಳೂರಿನಲ್ಲಿರುವ ನನ್ನ ತಮ್ಮ, ಹೆಂಡತಿ ಮಕ್ಕಳೊಡನೆ ಘಟ್ಟವಿಳಿದು ಪಡುವಣಕ್ಕೆ ಬಂದು, ಕಾಸರಗೋಡಿನ ನಮ್ಮ ಪಾಳುಬಿದ್ದ ಹಿರಿಮನೆಯನ್ನು ಅತಿಥಿಗೃಹವಾಗಿ ನಡೆಸುವೆನೆಂದು ಬರೆದಿದ್ದ. ಮನೆಗೆ ಬಂದವರಿಂದ ಹಣ ಪಡೆಯುವ ಮಾತು ನನಗೆ ರುಚಿಸಿರಲಿಲ್ಲ.

ವುಲ್ಫ್ ತೊರೆಯ ಬಳಿ ಇರುವುದು ಈಟನ್ ಮನೆತನದ ರಾಂಚ್. ದನ, ಕುದುರೆಗಳ ಹುಲ್ಲುಗಾವಲಿನಲ್ಲಿ ಹಣ ಕೊಟ್ಟು ತಂಗುವ ಪದ್ಧತಿಗೆ ಮೊದಲಿಗರೆಂದು ಹೆಸರಾದವರು ಇವರು. ಹೋವರ್ಡ್, ವಿಲ್ಲಿಸ್, ಆಲ್ಡನ್ ಎಂಬ ಮೂವರು ಸೋದರರು ಉಕ್ಕಿನ ನಗರವಾದ ಪಿಟ್ಸ್‌ಬರ್ಗ್‌ನವರು. 1880ರ ಆಸುಪಾಸಿನಲ್ಲಿ ಅವರು ಪಶ್ಚಿಮಕ್ಕೆ ಹೊರಟು, ಡಕೋಟಾ ಪ್ರಾಂತ್ಯದ ಲಿಟಲ್ ಮಿಸೂರಿ ನದಿಯ ದಂಡೆಯಲ್ಲಿ ದನ ಸಾಕಲು ನೆಲೆಯೂರಿದರು. ಆ ನೆಲ ಬರಿದಾಗಿರಲಿಲ್ಲ. 1876ರಲ್ಲಿ ಲಕೋಟಾ ಮತ್ತು ಷಯೆನ್ ಜನರ ಮೇಲೆ ದಂಡೆತ್ತಿ ಹೋದ ಕಸ್ಟರ್‌ನ ಸೇನೆ ಸಾಗಿದ್ದು ಅದೇ ದಾರಿಯಲ್ಲಿ. ಸೋದರರು ತಮ್ಮ ಬೀಡಿಗೆ ಇಟ್ಟ ಹೆಸರೂ 'ಕಸ್ಟರ್ ಟ್ರೇಲ್' ಎಂದೇ. ಮೂಲನಿವಾಸಿಗಳನ್ನು ತೆರವುಗೊಳಿಸಿದ ನೆಲದ ಮೇಲೆ ಈ ಆತಿಥ್ಯ ನಿಂತಿತೆಂಬುದನ್ನು ಮರೆಯಲಾಗದು.

ರೈಲು ಬಂದಿತ್ತು. ಅದರ ಹಿಂದೆಯೇ ಪೂರ್ವದ ನಗರಗಳ ಗೆಳೆಯರು, ಗೆಳೆಯರ ಗೆಳೆಯರು ಬೇಟೆಗೆಂದೂ ಸವಾರಿಗೆಂದೂ ಬರತೊಡಗಿದರು. ವಾರಕ್ಕೆಂದು ಬಂದವರು ತಿಂಗಳು ಉಳಿದರು. ನಿರ್ಜನ ಸೀಮೆಯಲ್ಲಿ ಬಂದವನಿಗೆ ಊಟವಿಲ್ಲವೆನ್ನುವುದು ಅಲ್ಲಿಯೂ ಹೀನಾಯವೇ. ದಾಸ್ತಾನು ಕರಗುತ್ತಿದ್ದರೂ ಸೋದರರು ಬಾಯಿಬಿಡಲಿಲ್ಲ. ಕೊನೆಗೆ ದಾರಿ ತೋರಿದವನು ಒಬ್ಬ ಅತಿಥಿಯೇ. 1882ರಲ್ಲಿ ಬಫಲೋ ನಗರದಿಂದ ಬಂದವನೊಬ್ಬ, ಇನ್ನಷ್ಟು ದಿನ ಇರಬೇಕೆಂದಿದ್ದೇನೆ, ಹಣ ಕೊಡಲು ಬಿಟ್ಟರೆ ಸಂಕೋಚವಿಲ್ಲದೆ ಇರಬಲ್ಲೆ ಎಂದು ಕೇಳಿಕೊಂಡನೆಂಬುದು ಪ್ರಚಲಿತ ಕಥನ.

ಈ ಕಥನವೇ ನನ್ನನ್ನು ತಡೆದು ನಿಲ್ಲಿಸಿತು. ಹಣ ಪಡೆಯುವವನ ನಾಚಿಕೆಯನ್ನಷ್ಟೇ ನಾನು ಎಣಿಸಿದ್ದೆ. ಉಚಿತವಾಗಿ ಉಣ್ಣುವವನ ಮುಜುಗರ ನನಗೆ ಹೊಳೆದಿರಲಿಲ್ಲ.

1886-87ರ ಘೋರ ಚಳಿಗಾಲ ಆ ಬಯಲಿನ ದನಗಳನ್ನು ಹಿಂಡುಹಿಂಡಾಗಿ ಕೊಂದಿತು. ನೆರೆಯಲ್ಲೇ ದನ ಸಾಕುತ್ತಿದ್ದ, ಮುಂದೆ ಅಧ್ಯಕ್ಷನಾದ ಥಿಯೋಡರ್ ರೂಸ್‌ವೆಲ್ಟ್ ಕೂಡ ಅಪಾರ ನಷ್ಟ ಅನುಭವಿಸಿದ. ದನವನ್ನೇ ನಂಬಿದ ಹಲವರು ಊರು ಬಿಟ್ಟರು. ಈಟನ್ನರಿಗೆ ಅತಿಥಿಗಳ ಆಸರೆಯಿತ್ತು. 1904ರಲ್ಲಿ ಅವರು ಹುಲ್ಲೂ ನೀರೂ ಚೆನ್ನಾಗಿದ್ದ ಈ ವುಲ್ಫ್ ತೊರೆಗೆ ಬಂದರು. ಹೋವರ್ಡ್ ಅತಿಥಿಗಳನ್ನು ಕುದುರೆಗಳ ಮೇಲೆ ಯೆಲ್ಲೋಸ್ಟೋನ್ ವನದವರೆಗೂ ಕರೆದೊಯ್ಯುತ್ತಿದ್ದ. ಅಲ್ಲಿನ ಒಂದು ಹಾದಿಗೆ ಅವನ ಹೆಸರಿದೆ. ನಗರದ ಉಡುಪಿನ ಅತಿಥಿಯನ್ನು 'ಡ್ಯೂಡ್' ಎಂದು ಗೇಲಿಮಾಡುತ್ತಿದ್ದ ಮಾತೇ ಕಸುಬಿನ ಹೆಸರಾಗಿ, 1926ರಲ್ಲಿ ಡ್ಯೂಡ್ ರಾಂಚ್ ನಡೆಸುವವರ ಸಂಘವೂ ಹುಟ್ಟಿತು.

ಅಲ್ಲಿ ಮರದ ದಿಮ್ಮಿಗಳ ಕುಟೀರಗಳನ್ನು ನೋಡುತ್ತಿದ್ದಾಗ ನಮ್ಮ ಮನೆಯ ಜಗಲಿ ಕಣ್ಣಿಗೆ ಕಟ್ಟಿತು. ಬಿಸಿಲಲ್ಲಿ ಬಂದವರಿಗೆ ಅಜ್ಜಿ ಮೊದಲು ಕೊಡುತ್ತಿದ್ದುದು ಬೆಲ್ಲ ಮತ್ತು ನೀರು. ಹೆಸರು, ಊರು ಕೇಳುತ್ತಿದ್ದುದು ಆಮೇಲೆ. ಅಜ್ಜಿ ಹೋದ ಮೇಲೆ ಮನೆಗೆ ಬೀಗ ಬಿತ್ತು. ಈಗ ಮಾಡು ಸೋರುತ್ತದೆ, ಅಡುಗೆಮನೆಯ ಗೋಡೆಯಲ್ಲಿ ಗೆದ್ದಲು. ಹಣ ಮುಟ್ಟದ ಆತಿಥ್ಯವೆಂದು ನಾನು ಹೆಮ್ಮೆಯಿಂದ ಕಾಪಾಡುತ್ತಿದ್ದುದು ಯಾರೂ ಬಾರದ ಒಂದು ಜಗಲಿಯನ್ನು.

ಡೆನ್ವರ್‌ಗೆ ಮರಳಿದ ರಾತ್ರಿ ತಮ್ಮನಿಗೆ ಬರೆದೆ: ಮಳೆಗಾಲಕ್ಕೆ ಮುಂಚೆ ಹಂಚು ಇಳಿಸಿ, ಹುಳು ತಿಂದ ಪಕ್ಕಾಸುಗಳನ್ನು ಬದಲಿಸು, ಅರ್ಧ ಖರ್ಚು ನನ್ನದು. ಕೋಣೆಗೂ ಊಟಕ್ಕೂ ನ್ಯಾಯವಾದ ದರ ಬರೆದು ತೂಗುಹಾಕು, ಕೇಳುವಾಗ ತಲೆ ತಗ್ಗಿಸಬೇಡ. ಬೆಲ್ಲ, ನೀರನ್ನು ಮಾತ್ರ ಆ ಪಟ್ಟಿಗೆ ಸೇರಿಸಬೇಡ.