ಮುಖ ತಿದ್ದುವ ಮುನ್ನ ಮನವನ್ನು ಕೇಳಿರಿ

ಮಾನವನು ತನ್ನ ಮುಖವನ್ನು ಕನ್ನಡಿಯಲ್ಲಿ ಕಾಣುವುದಕ್ಕಿಂತ ಮೊದಲು ಸುತ್ತಲಿನವರ ಕಣ್ಣುಗಳಲ್ಲಿ ಕಾಣುತ್ತಾನೆ. ಅಲ್ಲಿ ಕಂಡ ತಾತ್ಸಾರವು ಮನದಲ್ಲಿ ಬಹುಕಾಲ ಉಳಿಯುತ್ತದೆ.

ಅಂತರಸನಹಳ್ಳಿಯಲ್ಲಿ ಪರಿಚಿತರ ಮಗಳೊಬ್ಬಳ ಕೆಳದವಡೆ ತುಸು ಮುಂದಕ್ಕೆ ಚಾಚಿದೆ. ಅವಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ; ಮದುವೆಮನೆಯ ಪಂಕ್ತಿಯಲ್ಲಿ ಊಟಕ್ಕೆ ಕೂರುವುದಿಲ್ಲ. ಅವಳ ತಂದೆಯವರು ಒಮ್ಮೆ, "ಶಾಸ್ತ್ರಿಗಳೇ, ಗಂಡಿನ ಕಡೆಯವರು ಬರುವ ಮೊದಲೇ ಆಪರೇಷನ್ ಮಾಡಿಸಿಬಿಡೋಣವೇ?" ಎಂದು ಕೇಳಿದರು. "ಮಗಳ ಮನಸ್ಸೇನು?" ಎಂದೆ. ಅವರು ಉತ್ತರಿಸಲಿಲ್ಲ.

ಚಿಕಿತ್ಸೆ ಬಯಸುವುದು ಬರಿಯ ಅಲಂಕಾರದ ಆಸೆಯಲ್ಲ. ಹಲ್ಲುಗಳು ಒಂದಕ್ಕೊಂದು ಕೂಡದಿದ್ದರೆ ಅಗಿಯುವುದೂ ಸ್ಪಷ್ಟವಾಗಿ ನುಡಿಯುವುದೂ ಕಷ್ಟ. ಆದರೆ ದವಡೆ ಸರಿಪಡಿಸುವುದು ಒಂದು ದಿನದ ಕೆಲಸವಲ್ಲ. ಎಲುಬಿನ ಬೆಳವಣಿಗೆ ಮುಗಿದ ಮೇಲೆ, ಸಾಮಾನ್ಯವಾಗಿ 18 ವರ್ಷದ ಆಸುಪಾಸಿನಲ್ಲಿ ಅಥವಾ ಅನಂತರ, ಶಸ್ತ್ರಚಿಕಿತ್ಸೆ ನಡೆಯುತ್ತದೆ. ಅದಕ್ಕೂ ಮೊದಲು ಹಲವರಿಗೆ ವರ್ಷಕ್ಕೂ ಮಿಕ್ಕಿ ಹಲ್ಲಿಗೆ ತಂತಿ ಕಟ್ಟಬೇಕಾಗುತ್ತದೆ. ಆ ಅವಧಿಯಲ್ಲಿ ಓರೆ ಇನ್ನಷ್ಟು ಎದ್ದು ಕಾಣುವುದೂ ಉಂಟು. ಶಸ್ತ್ರಚಿಕಿತ್ಸೆಯ ಬಳಿಕ ಕೆಲವು ವಾರ ಗಂಜಿಯಂಥ ಮೆದು ಆಹಾರ, ಊದಿದ ಮುಖ, ಜೋಮು ಹಿಡಿದ ತುಟಿ. ಕನ್ನಡಿಯಲ್ಲಿ ಅಪರಿಚಿತ ಮುಖ ಕಂಡು ಮನಸ್ಸು ಕುಗ್ಗುವುದು ಸಹಜ. ಇದನ್ನೆಲ್ಲ ಮೊದಲೇ ಅರಿತವರು ಧೈರ್ಯದಿಂದ ದಾಟುತ್ತಾರೆ. ಪರರ ಒತ್ತಾಯಕ್ಕೆ ಒಳಗಾದವರು ಬಳಲುತ್ತಾರೆ. ಇನ್ನು ಕೆಲವರಿಗೆ ಅನ್ಯರ ಕಣ್ಣಿಗೆ ಬೀಳದ ಕೊರತೆಯೇ ಹಗಲಿರುಳು ಕಾಡುತ್ತದೆ. ಅದು ಮನಸ್ಸಿನ ವ್ಯಾಧಿ. ಅದಕ್ಕೆ ಮನೋವೈದ್ಯರೇ ಬೇಕು, ಶಸ್ತ್ರದಿಂದ ಗುಣವಾಗದು.

ತುಮಕೂರಿನ ಅಗಳಕೋಟೆಯ ಸಿದ್ಧಾರ್ಥ ದಂತ ವೈದ್ಯಕೀಯ ಕಾಲೇಜು, ಧಾರವಾಡದ ಎಸ್.ಡಿ.ಎಂ. ದಂತ ವೈದ್ಯಕೀಯ ಕಾಲೇಜು ಮೊದಲಾದೆಡೆ ತಜ್ಞರಿದ್ದಾರೆ. ಮನದ ಅಳಲನ್ನು ಹೇಳಿಕೊಳ್ಳಲು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆ ಇದೆ. 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಬಹುದು.

ಸೀಳುತುಟಿಯ ಕೂಸು ಹುಟ್ಟಿದರೆ, ತಾಯಿ ಗ್ರಹಣ ನೋಡಿದಳೆಂದು ದೂರುವ ಮನೆಗಳು ಇಂದಿಗೂ ಇವೆ. ಶರಣರು ಹುಟ್ಟಿನ ಸೂತಕವನ್ನೇ ಅಲ್ಲಗಳೆದರು. ಹೀಗಿರುವಾಗ ಹುಟ್ಟಿನಿಂದ ಬಂದ ಮುಖಕ್ಕೆ ಕಳಂಕ ಹಚ್ಚಲು ನಾವಾರು?

ಆದುದರಿಂದ ತಾಯಿತಂದೆಗಳಲ್ಲಿ ನನ್ನ ಬಿನ್ನಹವಿಷ್ಟೆ: ಮಕ್ಕಳ ಮುಖ ಹಿಡಿದು ಅಡ್ಡಹೆಸರಿಡುವುದನ್ನು ಮನೆಯಲ್ಲಿ ಮೊದಲು ನಿಲ್ಲಿಸಿರಿ. ಚಿಕಿತ್ಸೆ ಬೇಕೋ ಬೇಡವೋ ಎಂಬುದನ್ನು ಅವರ ಬಾಯಿಂದಲೇ ಕೇಳಿರಿ. ದವಡೆಯನ್ನು ವೈದ್ಯರು ತಿದ್ದಬಲ್ಲರು. ನಮ್ಮ ನಾಲಗೆಯನ್ನು ನಾವೇ ತಿದ್ದಿಕೊಳ್ಳಬೇಕು.